ಕಲ್ಲಿಗೆ ಮಾಲೆ, ಕಲಿಗೆ ಮರೆವು

ವೀರನ ಹೆಸರಿನಲ್ಲಿ ಪ್ರತಿಮೆಯನ್ನು ನಿಲ್ಲಿಸುವುದು ಸುಲಭ. ಆ ಪ್ರತಿಮೆ ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಇಂದು ನಾಡಿನ ಅನೇಕ ಊರುಗಳಲ್ಲಿ ಯೋಧರ ಸ್ಮಾರಕಗಳು ಎದ್ದಿವೆ. ವರ್ಷಕ್ಕೊಮ್ಮೆ ಪೀಠ ತೊಳೆದು, ಮಾಲೆ ಹಾಕಿ, ಭಾಷಣ ಮಾಡಿ, ಭಾವಚಿತ್ರ ತೆಗೆಸಿಕೊಂಡು ಹೊರಟವರು ಮತ್ತೆ ಅತ್ತ ಸುಳಿಯುವುದು ಮುಂದಿನ ವರ್ಷವೇ. “ಸ್ಮಾರಕ ಕಟ್ಟಿದ್ದಾಯಿತು, ಋಣ ತೀರಿತು” ಎಂಬ ಈ ಸಮಾಧಾನವೇ ಸ್ಮಾರಕದ ಮೊದಲ ಶತ್ರು. ಋಣ ತೀರುವುದಿರಲಿ, ಋಣದ ಲೆಕ್ಕ ಆರಂಭವಾಗುವುದೇ ಕಲ್ಲು ನೆಟ್ಟ ದಿನದಿಂದ ಎಂಬುದನ್ನು ಸದ್ಭಕ್ತರಾದರೂ ಅರಿಯಬೇಡವೇ?

ಸೈನಿಕರ ನಾಡೆಂದು ಹೆಸರಾದ ಕೊಡಗಿನ ಮಡಿಕೇರಿಯಲ್ಲಿ ಸೇನಾನಿಗಳ ಪ್ರತಿಮೆಗಳಿವೆ. ಅವುಗಳಲ್ಲೊಂದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರದು. ಅದರ ಮುಂದೆ ದಿನವೂ ಹಾದುಹೋಗುವವರಲ್ಲಿ ಎಷ್ಟು ಜನ ಅವರ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲರು? ಕೊಡಗಿನ ಗಡಿ ದಾಟಿದರಂತೂ ಕೇಳುವುದೇ ಬೇಡ.

1965ರ ಸೆಪ್ಟೆಂಬರ್ 7ರಂದು ಭಾರತೀಯ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೊರಟವು. ದೇವಯ್ಯನವರು ದಾಳಿಯ ಮೂಲ ಪಟ್ಟಿಯಲ್ಲಿದ್ದವರಲ್ಲ. ಅಗತ್ಯ ಬಿದ್ದರೆ ಇರಲೆಂದು ಕಾದಿರಿಸಿದವರು. ವಿಮಾನವೊಂದು ತಂಡದಿಂದ ಹಿಂದುಳಿದಾಗ ಆ ತೆರವಾದ ಸ್ಥಾನವನ್ನು ಅವರು ತುಂಬಿದರು. ಶತ್ರುನೆಲದ ಆಕಾಶದಲ್ಲಿ ಅವರಿಗೆ ಎದುರಾದದ್ದು ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಆ ವಿಮಾನದ ಮುಂದೆ, ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾರದ ಮಿಸ್ಟೇರ್ ಯಾವ ಲೆಕ್ಕ? ಆದರೂ ಪೆಟ್ಟು ತಿಂದ ವಿಮಾನದಲ್ಲಿಯೇ ತಿರುಗಿ ಕಾದಿ ದೇವಯ್ಯನವರು ಆ ಸ್ಟಾರ್‌ಫೈಟರನ್ನು ಕೆಡವಿದರು. ಅದರ ಚಾಲಕ ಅಮ್ಜದ್ ಹುಸೇನ್ ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡರು. ದೇವಯ್ಯನವರು ಮರಳಲಿಲ್ಲ.

ಅವರಿಗೆ ಏನಾಯಿತೆಂಬುದು ಇತ್ತ ಯಾರಿಗೂ ತಿಳಿಯಲಿಲ್ಲ. ಕಂಡು ಹೇಳುವ ಸಂಗಾತಿ ಯಾರೂ ಇರಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಆ ವಾಯುಯುದ್ಧವನ್ನು ಕುರಿತು ಪ್ರಕಟಿಸಿದ ಪುಸ್ತಕದಲ್ಲಿ, ಸ್ಟಾರ್‌ಫೈಟರನ್ನು ಕೆಡವಿದ ಮಿಸ್ಟೇರ್ ಒಂದರ ಸಂಗತಿ ಹೊರಬಿತ್ತು. ಅದರ ಜಾಡು ಹಿಡಿದು ಹುಡುಕಿದಾಗ ಆ ಮಿಸ್ಟೇರ್ ದೇವಯ್ಯನವರದೆಂದು ಖಚಿತವಾಯಿತು. ಅಲ್ಲಿನ ಹಳ್ಳಿಗರು ಅವರ ದೇಹವನ್ನು ತಮ್ಮ ನೆಲದಲ್ಲಿಯೇ ಮಣ್ಣು ಮಾಡಿದ್ದರೆಂಬುದೂ ತಿಳಿದುಬಂದಿತು. 1988ರಲ್ಲಿ, ಅವರು ಅಳಿದ 23 ವರ್ಷಗಳ ಬಳಿಕ, ಮಹಾವೀರ ಚಕ್ರ ಸಂದಿತು.

ಇಲ್ಲಿ ನಿಂತು ವಿಚಾರಿಸಬೇಕು. 1965ರಿಂದ 1988ರವರೆಗೆ ದೇವಯ್ಯನವರು ವೀರರಾಗಿರಲಿಲ್ಲವೇ? ಪದಕ ಬಂದ ದಿನ ಅವರ ಶೌರ್ಯಕ್ಕೆ ಗುಲಗಂಜಿಯಷ್ಟಾದರೂ ಹೆಚ್ಚು ತೂಕ ಬಂದಿತೇ? ಇಲ್ಲವೆಂದಾದರೆ, ಪದಕವೆಂಬುದು ಶೌರ್ಯದ ಮೂಲವಲ್ಲ, ಸಾಕ್ಷಿ ಮಾತ್ರ. ಸಾಕ್ಷಿ ಸಿಕ್ಕದೆ ಹೋದ ಎಷ್ಟು ಶೌರ್ಯಗಳು ಹಿಮದಲ್ಲಿ, ಮರಳಿನಲ್ಲಿ ಹುದುಗಿವೆಯೋ ಬಲ್ಲವರಾರು? ಆದ್ದರಿಂದ ಪದಕ ಪಡೆದವರ ಹೆಸರನ್ನು ಕೊರೆದ ಕಲ್ಲು ಪದಕ ಪಡೆಯದವರ ಮುಂದೆ ಬೀಗಬಾರದು. ಅವರ ಪರವಾಗಿಯೂ ಅದು ಮಾತನಾಡಬೇಕು. “ಪದಕ ಬಂದಿಲ್ಲವಲ್ಲ” ಎಂದು ಮಡಿದವನ ಮನೆಯ ಮುಂದೆ ಮೂಗು ಮುರಿಯುವ ಜನರಿಗೆ ದೇವಯ್ಯನವರ 23 ವರ್ಷಗಳೇ ಉತ್ತರ.

ಇನ್ನೊಂದು ಮಾತು. ಈ ವೀರನ ಕಥೆ ಲೋಕಕ್ಕೆ ತಿಳಿಯಲು ಎದುರು ಪಕ್ಷದ ಸಾಕ್ಷ್ಯವೂ ಬೇಕಾಯಿತು. ಸತ್ತವನನ್ನು ಶತ್ರುವೆಂದು ತಿಪ್ಪೆಗೆಸೆಯದೆ ಮಣ್ಣು ಕೊಟ್ಟವರು ಆ ನೆಲದ ಹಳ್ಳಿಗರು. ಹೀಗಿರುವಲ್ಲಿ ಸ್ಮಾರಕದ ಮುಂದೆ ನಿಂತು ದ್ವೇಷವನ್ನು ಕಾರುವವರು, ಯಾವ ಸಾಕ್ಷ್ಯದಿಂದ ಈ ಶೌರ್ಯ ಬೆಳಕಿಗೆ ಬಂದಿತೋ ಅದನ್ನೇ ಅಳಿಸುತ್ತಾರೆ. ಇಲ್ಲದ್ದನ್ನು ಸೇರಿಸಿ, ಒಂದನ್ನು ಹತ್ತು ಮಾಡಿ ಹೊಗಳುವವರದೂ ಇದೇ ಅಪರಾಧ. ಇದ್ದದ್ದೇ ಇಷ್ಟು ದೊಡ್ಡದಾಗಿರುವಾಗ ಸುಳ್ಳಿನ ಒಡವೆ ಏತಕ್ಕೆ? 2025ರಲ್ಲಿ ಈ ದಾಳಿಯಿಂದ ಪ್ರೇರಿತವಾದ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರ ತೆರೆಗೆ ಬಂದಿತು. ಅದರಲ್ಲಿ ಪಾತ್ರದ ಹೆಸರು ಬೇರೆ. ನಟನ ಹೆಸರನ್ನು ಬಲ್ಲ ಮಕ್ಕಳು ನಿಜವಾಗಿ ಹಾರಿದವನ ಹೆಸರನ್ನು ಅರಿಯದಿದ್ದರೆ ದೋಷ ಮಕ್ಕಳದಲ್ಲ, ಹೇಳದ ಹಿರಿಯರದು.

“ಅದು ಅವರ ಜನಾಂಗದವರ ಪ್ರತಿಮೆ, ಅವರು ನೋಡಿಕೊಳ್ಳುತ್ತಾರೆ” ಎಂಬ ಮಾತು ಇದಕ್ಕಿಂತ ಹೀನ. ತಮ್ಮ ಮನೆತನದ ಮಗನೆಂದು ಕೊಡವರು ಹೆಮ್ಮೆಪಡುವುದು ಸಹಜ, ಉಚಿತ. ಆ ಹೆಮ್ಮೆಯನ್ನೇ ನೆಪವಾಗಿಸಿಕೊಂಡು ಉಳಿದವರು ಕೈ ತೊಳೆದುಕೊಳ್ಳುವುದು ಉಚಿತವೇ? ಪೆಟ್ಟು ತಿಂದ ವಿಮಾನವನ್ನು ತಿರುಗಿಸಿದ ಆ ಗಳಿಗೆಯಲ್ಲಿ ಅವರು ಯಾರ ಪರವಾಗಿ ತಿರುಗಿದರು? ಒಂದು ಕುಲದ ಪರವಾಗಿಯೋ, ಒಂದು ಜಿಲ್ಲೆಯ ಪರವಾಗಿಯೋ?

ಕನ್ನಡ ನಾಡಿಗೆ ವೀರನ ಕಲ್ಲು ಹೊಸದಲ್ಲ. ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದವನಿಗೂ ಪೂರ್ವಜರು ವೀರಗಲ್ಲು ನೆಟ್ಟರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ: ಇದು ಅನೇಕ ವೀರಗಲ್ಲುಗಳ ಕ್ರಮ. ಆ ಕಲ್ಲುಗಳ ಜೊತೆಗೆ ಮಡಿದವನ ಮನೆಯವರಿಗೆ ‘ನೆತ್ತರುಗೊಡಗೆ’ಯಾಗಿ ಭೂಮಿಯನ್ನು ಕೊಡುವ ಪದ್ಧತಿಯೂ ಇತ್ತು. ಕಲ್ಲು ಮತ್ತು ಕೂಳು ಎರಡನ್ನೂ ಅವರು ಬೇರೆ ಮಾಡಲಿಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೋಡಿ. ಕ್ರಿ.ಶ. 949-50ರ ಈ ಕಲ್ಲು ತಕ್ಕೋಲದ ಯುದ್ಧವನ್ನು ನೆನೆಯುತ್ತದೆ. ಗಂಗರ ಬೂತುಗನ ಕಡೆ ಕಾದಿದ ಮಣಲೆರನಿಗೆ ‘ಬಾಳ್ಗಳ್ಚು’, ಎಂದರೆ ಕತ್ತಿ ತೊಳೆದ ಕೊಡುಗೆಯಾಗಿ ಭೂಮಿ ಸಂದಿತು. ರಾಷ್ಟ್ರಕೂಟ ಕೃಷ್ಣನಿಂದ ಅವನು ಬೇಡಿ ಪಡೆದದ್ದು ‘ಕಾಳಿ’ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಕಾದಿ ಸತ್ತಾಗ ಅದಕ್ಕೆ ಕಲ್ಲು ನೆಟ್ಟರು, ಪೂಜೆಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡರೆ ಪೂಜೆಯ ಹೊಣೆ ಹೊತ್ತ ಗೊರವನಿಗೆ ಪಾಪವೆಂದೂ ಬರೆಸಿದರು. ಸಾವಿರ ವರ್ಷಗಳ ಹಿಂದೆ ಒಂದು ನಾಯಿಯ ಕಲ್ಲಿಗೂ ನೋಡಿಕೊಳ್ಳುವವನಾರೆಂದು ಬರೆದಿಟ್ಟ ನಾಡು, ಇಂದು ಮಹಾವೀರ ಚಕ್ರದ ವೀರನ ಕಲ್ಲನ್ನು ಯಾರ ಹೊಣೆಯೂ ಅಲ್ಲದಂತೆ ಬಿಡಬಹುದೇ?

“ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದರು, ಕಲ್ಲಿನ ಗೊಡವೆ ಭಕ್ತರಿಗೇಕೆ?” ಎಂದು ಕೆಲವರು ಕೇಳುವುದುಂಟು. ಮಾತು ಶರಣರದು, ಬಳಕೆ ಸೋಮಾರಿಗಳದು. ನಿಂತ ಕಲ್ಲು ಒಂದು ದಿನ ಬಿದ್ದೀತು, ನಿಜ. 2023ರ ಆಗಸ್ಟ್‌ನಲ್ಲಿ ಮಡಿಕೇರಿಯಲ್ಲಿ ಬಸ್ಸೊಂದು ಬಡಿದು ಜನರಲ್ ತಿಮ್ಮಯ್ಯನವರ ಪ್ರತಿಮೆಯೇ ಉರುಳಿತ್ತು. ಆದರೆ ಜಂಗಮವೆಂದರೆ ಕಲ್ಲನ್ನು ಮರೆಯುವುದೆಂದು ಅರ್ಥವೇ? ಕಲ್ಲಿನಲ್ಲಿ ನಿಂತಿರುವುದನ್ನು ನಡೆಯುವ ಮನುಷ್ಯರು ತಮ್ಮ ನಾಲಗೆಯಲ್ಲಿ, ನಡತೆಯಲ್ಲಿ ಹೊತ್ತು ಸಾಗಿದಾಗಲೇ ಅದು ಜಂಗಮವಾಗುತ್ತದೆ. ಹೊರುವವರಿಲ್ಲದ ಸ್ಮಾರಕ ಬೀಳುವ ಮೊದಲೇ ಬಿದ್ದಂತೆ. ತಿಮ್ಮಯ್ಯನವರು ಬಾಳಿದ ‘ಸನ್ನಿಸೈಡ್’ ಮನೆ 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದರಿಂದ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು. ಅಲ್ಲಿಗೆ ಮಕ್ಕಳನ್ನು ಕರೆದೊಯ್ದು ವಿವರಿಸಿ ಹೇಳುವವರಿದ್ದರೆ ಅದು ಮಾತನಾಡುವ ಮನೆ; ಇಲ್ಲದಿದ್ದರೆ ಬರಿಯ ಗೋಡೆ.

ಬೇಕಾದದ್ದು ದೊಡ್ಡದೇನಲ್ಲ. ಊರಿನ ಸ್ಮಾರಕದ ಮೇಲೆ ಬರಿಯ ಹೆಸರು, ಪದಕಗಳಿದ್ದರೆ ಸಾಲದು. ಯಾವ ದಿನ, ಯಾವ ನೆಲದಲ್ಲಿ, ಏನು ಮಾಡಿ ಮಡಿದರೆಂಬುದು ಓದುಬಲ್ಲ ಕನ್ನಡದಲ್ಲಿ ಇರಬೇಕು. ಅದನ್ನು ತೊಳೆಯುವ ಹೊಣೆ ಇಂಥವರದೆಂದು ನಿಶ್ಚಯವಾಗಬೇಕು. ಮಾಲೆ ಹಾಕುವ ದಿನ ಭಾಷಣಕ್ಕೆ ಮೊದಲು ಆ ಕಲ್ಲಿನ ಬರಹವನ್ನು ಶಾಲೆಯ ಮಗುವೊಂದು ಗಟ್ಟಿಯಾಗಿ ಓದಬೇಕು. ವೇದಿಕೆಯಿಂದ ಇಳಿದವರು ಅದೇ ದಿನ ಮಡಿದವರ ಮನೆಯ ಬಾಗಿಲಿಗೂ ಹೋಗಬೇಕು, ಪದಕ ಬಂದ ಮನೆಗೂ, ಬಾರದ ಮನೆಗೂ. ಕಚೇರಿಯಲ್ಲಿ ಸಿಕ್ಕಿಬಿದ್ದ ಕಾಗದವಿದ್ದರೆ ಬಿಡಿಸಿಕೊಡಬೇಕು, ಓದುವ ಮಕ್ಕಳಿದ್ದರೆ ನೆರವಾಗಬೇಕು. ಈ ಕಾಲದ ನೆತ್ತರುಗೊಡಗೆ ಇದೇ.

ಇಷ್ಟನ್ನೂ ಮಾಡಲಾರದವರು ಮಾಲೆಯನ್ನಾದರೂ ಉಳಿಸಲಿ. ತನ್ನದಲ್ಲದ ಸರದಿಯಲ್ಲಿ ಎದ್ದು ಹೋದವನ ಕೊರಳಿಗೆ, ತಮ್ಮದೇ ಸರದಿ ಬಂದರೂ ಏಳದವರು ಹಾಕುವ ಹೂವು ಭಾರವಾದೀತು.