ಮೂರಕ್ಕೆ ಒಗ್ಗದ ಎಕರೆ

ಜೇವರ್ಗಿಯಿಂದ ಕಲಬುರಗಿಗೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿ ಫೋನಿನಲ್ಲಿ ಗಣಿತದ ಪಾಠ ನೋಡುತ್ತಿದ್ದಳು. ಹತ್ತನೇ ಕ್ಲಾಸಂತೆ. "ತಿಳೀತದೇನವ್ವಾ?" ಎಂದೆ. "ನೋಡೂ ಮುಂದ ಎಲ್ಲಾ ತಿಳೀತದ್ರಿ. ಪೆನ್ನು ಹಿಡದ್ರ ಒಂದೂ ಬರಂಗಿಲ್ರಿ" ಎಂದಳು. ಗಣಿತ ಕಲಿಯುವವರ ಕಷ್ಟವೆಲ್ಲ ಆ ಎರಡು ಮಾತಿನಲ್ಲಿತ್ತು.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲಿ ಕೊನೆಗೆ ನಿಂತಿತು. ಮೇಷ್ಟ್ರನ್ನು ಕೊಡಬೇಕಾದದ್ದು, ದುಡಿಯಲು ಮುಂಬೈ, ಪುಣೆಗೆ ಹೋಗುವವರ ಮಕ್ಕಳನ್ನು ಶಾಲೆಯಲ್ಲಿ ಉಳಿಸಬೇಕಾದದ್ದು ಸರ್ಕಾರ. ಅದರ ಹೊಣೆಯನ್ನು ಮಕ್ಕಳ ತಲೆಗೆ ಕಟ್ಟಬಾರದು. ಆದರೆ ಆಳಂದದಲ್ಲೋ ಅಫಜಲಪುರದಲ್ಲೋ ರಾತ್ರಿ ಒಬ್ಬಳೇ ಪುಸ್ತಕ ತೆರೆದು ಕೂತವಳು ಅಲ್ಲಿಯವರೆಗೆ ಏನು ಮಾಡಬೇಕು?

ಇದಕ್ಕೆ ಉತ್ತರ ನಮ್ಮ ನೆಲದಲ್ಲೇ ಇದೆ. ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳಿಯೇ ಗಣಿತಜ್ಞ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ವನ್ನು ಆರಂಭಿಸುತ್ತಾನೆ. ಕಾಲ ಸುಮಾರು ಕ್ರಿ.ಶ. 850. ಆ ಗ್ರಂಥದ ನಡೆ ನೋಡಿ: ಮೊದಲು ಒಂದು ಸೂತ್ರ, ಬೆನ್ನಿಗೇ ಲೆಕ್ಕಗಳು. ಹಣ್ಣು, ಹೂವು, ಮುತ್ತಿನ ಸರ, ಬಡ್ಡಿ ಎಲ್ಲವೂ ಅಲ್ಲಿ ಲೆಕ್ಕವಾಗುತ್ತವೆ. ಸೂತ್ರ ಓದಿದವನು ಕೈ ಹಚ್ಚದೆ ಮುಂದೆ ಹೋಗುವಂತಿಲ್ಲ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಹಾರ ಬರುತ್ತದೆ ಎಂಬ ಚಮತ್ಕಾರವೂ ಅಲ್ಲುಂಟು. ಇಲ್ಲಿ ಓದಿದಾಗ ಅದೊಂದು ಸುದ್ದಿ ಅಷ್ಟೇ. ಕಾಗದದ ಮೇಲೆ ಗುಣಿಸಿ ನೋಡಿದವರಿಗೇ ಅದರ ಸುಖ.

ಆದ್ದರಿಂದ ಮೊದಲ ಕೆಲಸ, ಬಿಡಿಸಿಟ್ಟ ಉದಾಹರಣೆಯನ್ನು ಅಂಗೈಯಿಂದ ಮುಚ್ಚಿ ತಾನೇ ಬಿಡಿಸುವುದು. ಎಡವಿದಾಗ ಮಾತ್ರ ಕೈ ಸರಿಸಿ ಒಂದು ಸಾಲು ನೋಡುವುದು. ಎರಡನೆಯದು, ದಾರಿ ತಪ್ಪಿದ ಜಾಗಕ್ಕೆ ನಾಚಿಕೆಯಿಲ್ಲದೆ ಮರಳುವುದು. ಹತ್ತನೆಯ ತರಗತಿಯ ವರ್ಗ ಸಮೀಕರಣ ಬಾರದಿದ್ದರೆ ಬೇನೆ ಎಷ್ಟೋ ಸಲ ಐದನೆಯ ತರಗತಿಯ ಭಿನ್ನರಾಶಿಯಲ್ಲಿರುತ್ತದೆ. ತಮ್ಮನ ಹಳೆಯ ಪುಸ್ತಕವೇ ಅದಕ್ಕೆ ಔಷಧ.

ಮೂರನೆಯದು, ತನ್ನ ಉತ್ತರವನ್ನು ತಾನೇ ಅನುಮಾನಿಸುವುದು. ಒಂದು ಎಕರೆಯ ಎಂಟರಲ್ಲಿ ಮೂರು ಪಾಲು ತೊಗರಿ, ಐದರಲ್ಲಿ ಎರಡು ಪಾಲು ಹತ್ತಿ ಹಾಕಿದೆ ಎನ್ನಿ. ಒಟ್ಟು ಎಷ್ಟು? ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಹದಿಮೂರರಲ್ಲಿ ಐದು ಎಂದು ಬರೆಯುವ ಮಕ್ಕಳು ಬಹಳ. ಕೆಂಪು ಶಾಯಿ ಬೇಕಿಲ್ಲ, ಪಹಣಿಯ ಲೆಕ್ಕ ಸಾಕು. ಎಕರೆಗೆ 40 ಗುಂಟೆ. ತೊಗರಿ 15, ಹತ್ತಿ 16, ಒಟ್ಟು 31 ಗುಂಟೆ. ಹದಿಮೂರರಲ್ಲಿ ಐದು ಅಂದರೆ ಹದಿನೈದೂವರೆ ಗುಂಟೆಯೂ ಆಗದು. ಹತ್ತಿಯ ಹೊಲ ಒಂದೇ ಅದಕ್ಕಿಂತ ದೊಡ್ಡದು! ತಪ್ಪು ತಾನಾಗಿ ಬಾಯಿ ಬಿಟ್ಟಿತು. ಎಂಟಕ್ಕೂ ಐದಕ್ಕೂ ಒಗ್ಗುವ ಅತಿ ಚಿಕ್ಕ ಸಂಖ್ಯೆ 40. ಇದೇ ಲಘುತಮ ಸಾಮಾನ್ಯ ಅಪವರ್ತ್ಯ. ಮಹಾವೀರಾಚಾರ್ಯ ಇದನ್ನು 'ನಿರುದ್ಧ' ಎಂದು ಕರೆದು ಭಿನ್ನರಾಶಿ ಕೂಡಿಸಲು ಬಳಸಿದ. ಹೊಲ ಪಾಲಾಗುವ ಮನೆಯಲ್ಲಿ ಹುಟ್ಟಿದ ಮಗುವಿಗೆ ಇದು ಹೊಸ ವಿದ್ಯೆಯಲ್ಲ, ಮನೆಯ ವಿದ್ಯೆಗೆ ಶಾಲೆ ಇಟ್ಟ ಹೆಸರು.

ಬಸ್ಸಿನಲ್ಲಿ ಆ ಹುಡುಗಿಗೆ ಇದರದೇ ತುಂಡೊಂದನ್ನು ಕೊಟ್ಟೆ: "ಮೂರು ಮಂದಿ ಅಣ್ಣತಮ್ಮರು, ಒಂದೇ ಎಕರೆ. ಪಾಲು ಮಾಡು ನೋಡೋಣ." ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಳು. ತಲಾ 13 ಗುಂಟೆ, ಒಂದು ಗುಂಟೆ ಉಳಿಯಿತು. ಗುಂಟೆಗೆ 16 ಆಣೆ. ತಲಾ ಐದಾಣೆ ಹಂಚಿದಳು. "ಮತ್ತ ಒಂದು ಉಳೀತಲ್ರಿ!" ಎಂದಳು. "ಯಾಕ?" ಎಂದೆನೇ ಹೊರತು ಉತ್ತರ ಹೇಳಲಿಲ್ಲ. ಅವಳು 40ನ್ನು ಒಡೆದಳು: ಎರಡು, ಎರಡು, ಎರಡು, ಐದು. 16ನ್ನು ಒಡೆದಳು: ಬರೀ ಎರಡುಗಳು. ಪೆನ್ನು ನಿಂತಿತು. "ಇದರಾಗ ಮೂರು ಎಲ್ಲೂ ಇಲ್ಲೇ ಇಲ್ರಿ."

ಸಂಖ್ಯೆಯ ಬೇರು ಅವಳ ಕೈಗೆ ಸಿಕ್ಕಿತ್ತು. ಕಲಬುರಗಿ ಬಂತು. ಅವಳು ಇಳಿಯುವಾಗ ಫೋನು ಚೀಲದಲ್ಲಿತ್ತು, ಪೆನ್ನು ಇನ್ನೂ ಕೈಯಲ್ಲೇ ಇತ್ತು.