ಮಗನ ಸ್ಟೇಟಸ್, ಅಪ್ಪನ ಸಾಲ

ಹೋದ ತಿಂಗಳು ಹಾವೇರಿಯಲ್ಲಿ ಒಂದು ಮದುವೆ ಇತ್ತು. ಊಟ ಮುಗಿಸಿ ಎಲಿ ಅಡಿಕಿ ಹಾಕಿಕೊಂಡು ಕೂತಿದ್ದೆ. ಬ್ಯಾಡಗಿ ಕಡೆಯ ನಮ್ಮ ಸಂಬಂಧಿಕರೊಬ್ಬರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. ನಾನು ಅವರಿಗೆ ಅಣ್ಣ ಅಂತೀನಿ.

“ತಂಗೀ, ನಿನ್ನ ಮಗಳು ಅಮೆರಿಕಾದಾಗ ಓದಿ ಬಂದಾಕಿ, ನಿನಗ ಗೊತ್ತಿರತೈತಿ. ನಮ್ಮ ಹುಡುಗ ಫೋನ್ ಮಾಡಿ ‘ಅಪ್ಪಾ, ನನ್ನ ಸ್ಟೇಟಸ್ ಹೋಗತೈತಿ’ ಅಂದ. ನಾ ವಾಟ್ಸಾಪ್ ತಗದು ನೋಡಿದೆ. ಗಣಪತಿ ಫೋಟೊ ಹಾಕ್ಯಾನ, ಅಲ್ಲೇ ಐತಿ!”

ನನಗೆ ನಗು ಬಂತು. ಅವರು ನಗಲಿಲ್ಲ. ಹದಿನೈದು ದಿನದಿಂದ ಅಪ್ಪ ಮಗನ ನಡುವೆ ಮಾತೇ ಇಲ್ಲವಂತೆ.

ಆಗಿದ್ದಿಷ್ಟು. ಅಣ್ಣ ಮೆಣಸಿನಕಾಯಿ ಬೆಳೆಯುವವರು. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು, ರೈತರು ಸಿಟ್ಟಿಗೆದ್ದು ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೆಲ್ಲ ನೆನಪಿರಬಹುದು. ಆಗಿನಿಂದ ಅಣ್ಣನ ಲೆಕ್ಕ ಸರಿಹೋಗಿಲ್ಲ. ಮಗನ ಎಂ.ಎಸ್. ಓದಿಗೆ ಮನೆ ಅಡ ಇಟ್ಟು ಸಾಲ ತೆಗೆದಿದ್ದಾರೆ. ಓದುವಾಗಲೂ ತಿಂಗಳ ಬಡ್ಡಿ ಕಟ್ಟಲೇಬೇಕು. ಎರಡು ತಿಂಗಳು ಬಾಕಿ ಆದಾಗ ಮಗನಿಗೆ ಹೇಳಿದರು: “ರಾತ್ರಿ ಯಾವುದಾದರೂ ಅಂಗಡ್ಯಾಗ ನಿಂದ್ರು. ನಿನ್ನ ಗೆಳ್ಯಾರು ಮಾಡಾಕತ್ತಿಲ್ಲೇನು?” ಮಗ ಆಗೋದಿಲ್ಲ ಅಂದ. ಅಪ್ಪನಿಗೆ ಅದು ಸೋಮಾರಿತನದ ಹಾಗೆ ಕೇಳಿಸಿತು.

ಹುಡುಗ ಹೇಳಿದ್ದು ಸರಿ. ನಮ್ಮಲ್ಲಿ ಬಹಳ ಮಂದಿಗೆ ವೀಸಾ ಬಂತು ಅಂದರೆ ಎಲ್ಲ ಮುಗಿದ ಹಾಗೆ. ಅಮೆರಿಕಾದ ಮಟ್ಟಿಗೆ ಹೇಳೋದಾದರೆ ಪಾಸ್‌ಪೋರ್ಟಿನ ಎಫ್-1 ವೀಸಾ ಆ ದೇಶದೊಳಗೆ ಹೋಗೋದಕ್ಕೆ. ಒಳಗೆ ಹೋದ ಮೇಲೆ ‘ನಾನು ವಿದ್ಯಾರ್ಥಿಯಾಗೇ ಇದ್ದೀನಿ’ ಅಂತ ಪ್ರತಿ ಸೆಮಿಸ್ಟರ್ ತೋರಿಸಬೇಕು. ಅದಕ್ಕೇ ಸ್ಟೇಟಸ್ ಅನ್ನೋದು. ಯೂನಿವರ್ಸಿಟಿ ಕೊಡುವ ಐ-20 ಅನ್ನೋ ಕಾಗದ, ಸರ್ಕಾರದ ಸೆವಿಸ್ ಅನ್ನೋ ಕಂಪ್ಯೂಟರ್ ದಾಖಲೆ, ಎರಡರಲ್ಲೂ ಅದು ಸರಿಯಾಗಿರಬೇಕು. ಓದುವಾಗ ವೀಸಾದ ತಾರೀಖು ಮುಗಿದರೂ ಸ್ಟೇಟಸ್ ಸರಿ ಇದ್ದರೆ ಅಲ್ಲೇ ಓದು ಮುಂದುವರಿಸಬಹುದು. ಸ್ಟೇಟಸ್ ಹೋದರೆ ಐದು ವರ್ಷದ ವೀಸಾ ಕೈಯಲ್ಲಿದ್ದರೂ ಪ್ರಯೋಜನವಿಲ್ಲ.

ಅದು ಕೆಡೋದು ದೊಡ್ಡ ಅಪರಾಧದಿಂದಲೇ ಅಂತೇನಿಲ್ಲ. ಎಷ್ಟೋ ಸಲ ಮನೆಯಿಂದ ನಾವು ಪ್ರೀತಿಯಿಂದ ಹೇಳುವ ಮಾತಿನಿಂದಲೂ ಕೆಡುತ್ತೆ.

“ಖರ್ಚಿಗೆ ಏನಾದರೂ ಕೆಲಸ ಮಾಡು” ಅಂತೀವಿ. ಕ್ಲಾಸು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಲೈಬ್ರರಿ, ಕ್ಯಾಂಟೀನು, ಪ್ರೊಫೆಸರ್ ಕೈಕೆಳಗಿನ ಕೆಲಸ, ಇಂಥವು. ಹೊರಗಿನ ಅಂಗಡಿ, ಪೆಟ್ರೋಲ್ ಬಂಕು ಪರವಾನಗಿ ಇಲ್ಲದೆ ಕೂಡದು, ನಗದು ಕೊಟ್ಟರೂ ಕೂಡದು. ಬೇರೆ ಕಾರಣಕ್ಕೆ ಸ್ಟೇಟಸ್ ತಪ್ಪಿದರೆ ಮತ್ತೆ ಕೊಡಿ ಅಂತ ಅರ್ಜಿ ಹಾಕುವ ದಾರಿ ಇದೆ. ಪರವಾನಗಿ ಇಲ್ಲದೆ ದುಡಿದವರಿಗೆ ಆ ದಾರಿಯೂ ಮುಚ್ಚುತ್ತೆ.

“ಆ ಸಬ್ಜೆಕ್ಟ್ ಕಷ್ಟ ಆದ್ರೆ ಬಿಟ್ಟುಬಿಡು, ಮುಂದಿನ ಸಲ ತಗೊಂಡ್ರಾತು” ಅಂತೀವಿ. ಬಿ.ಎಸ್. ಓದುವವರಿಗೆ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಇರಬೇಕು. ಎಂ.ಎಸ್. ಆದರೆ ಯೂನಿವರ್ಸಿಟಿ ಹೇಳಿದಷ್ಟು, ಸಾಮಾನ್ಯವಾಗಿ 9. ಆ ಲೆಕ್ಕಕ್ಕೆ ಆನ್‌ಲೈನ್ ಕ್ಲಾಸು ಒಂದೇ ಒಂದು ಸೇರುತ್ತೆ. ಆರೋಗ್ಯ ಕೆಟ್ಟರೆ ಕಡಿಮೆ ತಗೊಳ್ಳೋದಕ್ಕೆ ಅವಕಾಶ ಇದೆ, ಆದರೆ ಡಿಎಸ್‌ಒ ಅನ್ನೋ ಅಧಿಕಾರಿಯ ಒಪ್ಪಿಗೆ ಮೊದಲೇ ಬೇಕು. ಬಿಟ್ಟ ಮೇಲೆ ಹೋಗಿ ಕೇಳಿದರೆ ಆಗೋದಿಲ್ಲ. ಈ ಡಿಎಸ್‌ಒ ಪ್ರತಿ ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲೇ ಇರುತ್ತಾರೆ. ಅವರ ಹೆಸರು, ಇ-ಮೇಲ್ ಮಕ್ಕಳ ಹತ್ತಿರ ಇದೆಯಾ ಅಂತ ಒಮ್ಮೆ ಕೇಳಿ.

“ತಂಗಿ ಮದುವಿಗೆ ಬಂದು ಹೋಗು” ಅಂತೀವಿ. ಬರಲಿ, ಆದರೆ ಟಿಕೆಟ್ ತೆಗೆಯೋದಕ್ಕೆ ಮುಂಚೆ ಐ-20 ಮೇಲೆ ಪ್ರಯಾಣದ ಸಹಿ ಇದೆಯಾ ನೋಡಿಕೊಳ್ಳಲಿ. ಆ ಸಹಿ ಒಂದು ವರ್ಷ ನಡೆಯುತ್ತೆ, ಓದು ಮುಗಿಸಿ ಓಪಿಟಿಯಲ್ಲಿದ್ದರೆ ಆರೇ ತಿಂಗಳು. ವೀಸಾ ತಾರೀಖು ಮುಗಿದಿದ್ದರೆ ಇಲ್ಲಿ ಮತ್ತೆ ಸಂದರ್ಶನ ಕೊಟ್ಟು ಹೊಸದು ಪಡೆದೇ ಹೋಗಬೇಕು. ಮದುವೆಗೆ ಬಂದವರು ಸೆಮಿಸ್ಟರ್ ಶುರುವಾದರೂ ಇಲ್ಲೇ ಕೂರಬೇಕಾದೀತು.

“ಕಡಿಮಿ ಬಾಡಿಗಿ ಮನಿ ಸಿಕ್ರ ಹೋಗು” ಅಂತೀವಿ. ಹೋಗಲಿ, ಹೊಸ ವಿಳಾಸವನ್ನು 10 ದಿನದೊಳಗೆ ಯೂನಿವರ್ಸಿಟಿಗೆ ತಿಳಿಸಲಿ.

ಓದು ಮುಗಿದ ಮೇಲೂ ಲೆಕ್ಕ ಇದೆ. ಓಪಿಟಿ ಅಂತ 12 ತಿಂಗಳು ಕೆಲಸದ ಅವಕಾಶ. ಅದರಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. “ಛಲೋ ನೌಕರಿ ಸಿಗೋತನಕ ಕಾಯ್ತೀನಿ” ಅಂತ ಮಗ ಅಂದಾಗ ಈ 90 ನೆನಪಿರಲಿ.

ಬೇರೆ ದೇಶಗಳಲ್ಲೂ ಮಿತಿ ಇದೆ. ಕೆನಡಾದಲ್ಲಿ 2024ರ ನವೆಂಬರ್‌ನಿಂದ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆ. ಬ್ರಿಟನ್ನಿನಲ್ಲಿ ಡಿಗ್ರಿ ಓದುವವರಿಗೆ ಕ್ಲಾಸಿನ ದಿನಗಳಲ್ಲಿ ವಾರಕ್ಕೆ 20 ಗಂಟೆ. ಒಂದು ದೇಶದ ನಿಯಮ ಇನ್ನೊಂದಕ್ಕೆ ಹೊಂದೋದಿಲ್ಲ. “ಅವರ ಹುಡುಗ ಮಾಡ್ತಾನಲ್ಲ” ಅನ್ನುವ ಮುಂಚೆ ಅವರ ಹುಡುಗ ಇರೋದು ಎಲ್ಲಿ ಅಂತ ಕೇಳಿಕೊಳ್ಳಬೇಕು.

ಸುಲಭದ ದಾರಿ ತೋರಿಸುವವರ ಮಾತಿಗೂ ಮಕ್ಕಳು ಬೀಳಬಾರದು. ಮಿಷಿಗನ್ನಿನಲ್ಲಿ ಫಾರ್ಮಿಂಗ್‌ಟನ್ ಅಂತ ಒಂದು ಯೂನಿವರ್ಸಿಟಿ ಇತ್ತು. ಕ್ಲಾಸಿಲ್ಲ, ಮೇಷ್ಟ್ರಿಲ್ಲ, ಫೀ ಕಟ್ಟಿದರೆ ಕಾಗದ ಸಿಗೋದು. ಅದನ್ನು ನಡೆಸುತ್ತಿದ್ದದ್ದು ಅಮೆರಿಕಾ ಸರ್ಕಾರದ ಅಧಿಕಾರಿಗಳೇ, ಬಲೆ ಹಾಕೋದಕ್ಕೆ! 2019ರ ಜನವರಿ ಕೊನೆಗೆ ನೂರಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳನ್ನು ಹಿಡಿದರು.

ಎಲ್ಲ ಸರಿಯಾಗಿ ಮಾಡಿದವರಿಗೂ ಗಂಡಾಂತರ ಬರೋದಿಲ್ಲ ಅಂತಲ್ಲ. 2025ರ ಏಪ್ರಿಲ್‌ನಲ್ಲಿ ಸಾವಿರಾರು ವಿದ್ಯಾರ್ಥಿಗಳ ಸೆವಿಸ್ ದಾಖಲೆ ಇದ್ದಕ್ಕಿದ್ದಂತೆ ರದ್ದಾಯಿತು. ಅನೇಕರು ಕೋರ್ಟಿಗೆ ಹೋದರು, ತಿಂಗಳ ಕೊನೆಗೆ ಸರ್ಕಾರ ದಾಖಲೆಗಳನ್ನು ಮತ್ತೆ ಜೋಡಿಸುವುದಾಗಿ ಹೇಳಿತು. ಅಂಥ ಹೊತ್ತಿನಲ್ಲಿ ತನ್ನ ಕಡೆಯಿಂದ ತಪ್ಪಾಗಿಲ್ಲ ಅಂತ ತೋರಿಸೋದಕ್ಕೆ ಕಾಗದವೇ ಬೇಕು.

ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್, 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹೋದ ಹುಡುಗ, ಈ ಜಿಲ್ಲೆಯ ಯಾವ ಮನೆಗೂ ಮರೆತಿಲ್ಲ. ಮಕ್ಕಳು ಹೊರಗಿದ್ದರೆ ರಾತ್ರಿ ಫೋನ್ ಬಂದರೆ ಎದೆ ಧಸಕ್ ಅನ್ನುತ್ತೆ. ಯುದ್ಧ ನಮ್ಮ ಕೈಲಿಲ್ಲ. ಮಕ್ಕಳ ಕಾಗದ ಪತ್ರ ಸರಿ ಇರೋ ಹಾಗೆ ನೋಡಿಕೊಳ್ಳೋದು ಸ್ವಲ್ಪವಾದರೂ ನಮ್ಮ ಕೈಲಿದೆ.

ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಜೊತೆಗೆ ಇನ್ನೊಂದು ಮಾತೂ ಹೇಳಿದೆ. ಒಂದು ಶೈಕ್ಷಣಿಕ ವರ್ಷ ಪೂರ್ತಿ ಓದಿದ ಮೇಲೆ, ಎಣಿಸದೆ ಬಂದ ಹಣದ ಮುಗ್ಗಟ್ಟಿಗೆ ಕ್ಯಾಂಪಸ್ ಹೊರಗೆ ದುಡಿಯೋದಕ್ಕೆ ಪರವಾನಗಿ ಕೇಳಬಹುದು. ಡಿಎಸ್‌ಒ ಮೂಲಕ ಅರ್ಜಿ ಹಾಕಬೇಕು, ಕಾರ್ಡು ಕೈಗೆ ಬರುವತನಕ ಕೆಲಸಕ್ಕೆ ಕೈ ಹಾಕಬಾರದು. ಮುಗ್ಗಟ್ಟಿಗೆ ದಾಖಲೆ ಕೊಡಬೇಕು. ಬೆಳೆ ಮಾರಿದ ಪಟ್ಟಿ, ಬ್ಯಾಂಕಿನ ನೋಟಿಸು ಇಲ್ಲಿಂದ ಕಳಿಸಬೇಕಾದವರು ಅಪ್ಪನೇ.

“ಅಂದ್ರ ನನ್ನ ಲುಕ್ಸಾನದ ಕಾಗದ ಅವಗ ಬೇಕಾಗತೈತಿ?” ಅಂದರು. ಇಷ್ಟು ದಿನ ನಷ್ಟದ ಪೂರ್ತಿ ಲೆಕ್ಕ ಮಗನಿಗೆ ಹೇಳಿರಲೇ ಇಲ್ಲವಂತೆ. ಓದೋ ಹುಡುಗನ ತಲೆ ಕೆಡಬಾರದು ಅಂತ.

ಅವತ್ತು ರಾತ್ರಿ ಒಂಬತ್ತಕ್ಕೆ ಅಣ್ಣನ ಫೋನ್ ಬಂತು. “ಮಾತಾಡಿದೆ ತಂಗಿ. ಮದಲ ಡಿಎಸ್‌ಒ ಕಡೆ ಹೋಗು ಅಂದೇನಿ. ಅವ ಅತ್ತ, ನಾನೂ ಅತ್ತೆ.” ಅರ್ಜಿ ಏನಾಗುತ್ತೋ ಇನ್ನೂ ತಿಳಿದಿಲ್ಲ. ಬಡ್ಡಿಗೆ ಸದ್ಯ ಎತ್ತು ಮಾರಬೇಕಾಗಬಹುದು ಅಂದರು. ಆದರೆ ಅಂಗಡಿಯ ಮಾತು ಮತ್ತೆ ಎತ್ತಿಲ್ಲ.

ನಿಮ್ಮ ಮನೆಯ ಮಕ್ಕಳೂ ಹೊರದೇಶದಲ್ಲಿದ್ದರೆ, ಇವತ್ತು ಫೋನ್ ಮಾಡಿದಾಗ ಊಟ ಆಯ್ತಾ ಅಂದ ಮೇಲೆ ಇದನ್ನೂ ಕೇಳಿ: “ನಿನ್ನ ಕಾಗದ ಎಲ್ಲಾ ಸರಿ ಅದಾವೇನು? ನಾವೇನರ ಕಳಿಸಬೇಕಾ?”