ಮಸೀದಿಯ ಮೈಕಿಗೆ ಟೈಮರ್

ಪಾರಿಶ್ವಾಡದಂಥ ಊರಿನ ಮಸೀದಿಯಲ್ಲಿ ಅಝಾನಿನ ಆಂಪ್ಲಿಫಯರನ್ನು ಕಂಪ್ಯೂಟರೇ ಹಚ್ಚಿ ಆರಿಸುವಂತೆ ಮಾಡಬಹುದೇ ಎಂದು ಕಾಲೇಜಿಗೆ ಹೋಗುವ ಹುಡುಗರು ಕೇಳುತ್ತಾರೆ. ಮಾಡಬಹುದು. ಅಂಗೈಯಗಲದ ರಾಸ್ಪ್‌ಬೆರಿ ಪೈ, ಒಂದು ರಿಲೇ ಮಾಡ್ಯೂಲ್, ಚಿಕ್ಕದೊಂದು ಸ್ಕ್ರಿಪ್ಟ್ ಸಾಕು. ಪೈ ಸೂಚನೆ ಕೊಟ್ಟರೆ ರಿಲೇ ಸ್ವಿಚ್ ಹಾಕುತ್ತದೆ. 230 ವೋಲ್ಟಿನ ಕಡೆಯ ಕೆಲಸ ಮಾತ್ರ ಎಲೆಕ್ಟ್ರಿಷಿಯನ್ ಮಾಡಲಿ.

ಹೊತ್ತು ನೋಡಿಕೊಳ್ಳಲು ಲಿನಕ್ಸಿನಲ್ಲಿ ಕ್ರಾನ್ ಎಂಬುದಿದೆ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂದು ಐದು ಕಲಂ ತುಂಬಿದರೆ ಹೇಳಿದ ವೇಳೆಗೆ ಹೇಳಿದ ಕೆಲಸ ಮಾಡುತ್ತದೆ. ಹುಡುಗರು ಎಡವುವುದು ಇಲ್ಲಿಯೇ. ಮಗ್ರಿಬ್‌ಗೆ 6.30 ಎಂದು ಬರೆದು ಸುಮ್ಮನಾಗುತ್ತಾರೆ. ನಮ್ಮ ಕಡೆ ಸೂರ್ಯ ನವೆಂಬರ್ ಕೊನೆಗೆ ಆರಕ್ಕೆ ತುಸು ಮೊದಲೇ ಮುಳುಗುತ್ತಾನೆ, ಜುಲೈ ಮೊದಲಲ್ಲಿ ಏಳು ದಾಟಿಸುತ್ತಾನೆ. ರಮಝಾನ್ ಬಂದಾಗ ಈ ವ್ಯತ್ಯಾಸ ಜನರ ಉಪವಾಸದ ಮೇಲೇ ಬೀಳುತ್ತದಲ್ಲವೇ? ಬೆಂಗಳೂರಿನ ಪಟ್ಟಿಯನ್ನು ನಕಲು ಮಾಡಿದರೂ ಆಗದು. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಪಾರಿಶ್ವಾಡ ಅದಕ್ಕಿಂತ ಸುಮಾರು 8 ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಸೂರ್ಯ ಇಲ್ಲಿ ಅರ್ಧ ಗಂಟೆ ಹಿಂದೆ.

ಆದ್ದರಿಂದ ಊರಿನ ಅಕ್ಷಾಂಶ ರೇಖಾಂಶ ಕೊಟ್ಟು, ಸ್ಕ್ರಿಪ್ಟೇ ದಿನಾಲೂ ನಡುರಾತ್ರಿ ಮರುದಿನದ ಐದು ಹೊತ್ತು ಲೆಕ್ಕ ಹಾಕಲಿ. ಇದೇನೂ ಹೊಸ ವಿದ್ಯೆಯಲ್ಲ. 1206ರಲ್ಲಿ ಅಲ್ ಜಝರಿ ತನ್ನ ಗ್ರಂಥದಲ್ಲಿ ವಿವರಿಸಿದ ಕೋಟೆ ಗಡಿಯಾರದಲ್ಲಿ, ಹಗಲು ಉದ್ದವಾದಂತೆ, ಗಿಡ್ಡವಾದಂತೆ ನೀರಿನ ಹರಿವನ್ನು ಬದಲಿಸುವ ವ್ಯವಸ್ಥೆಯಿತ್ತು.

ಇನ್ನು ಕರೆಂಟು. ಹಳೆಯ ಪೈಗಳ ಗಡಿಯಾರಕ್ಕೆ ಬ್ಯಾಟರಿಯಿಲ್ಲ. ಕರೆಂಟು ಹೋಗಿ ಬಂದಾಗ ಇಂಟರ್ನೆಟ್ ಇಲ್ಲದಿದ್ದರೆ ಅದು ತಪ್ಪು ಹೊತ್ತನ್ನೇ ಹಿಡಿದು ಕೂರುತ್ತದೆ. ಬ್ಯಾಟರಿಯಿರುವ ಗಡಿಯಾರದ ಚಿಪ್ಪು ಪ್ರತ್ಯೇಕ ಸಿಗುತ್ತದೆ, ಹಾಕಿಸಲೇಬೇಕು. ಪೈ ಎದ್ದ ಕೂಡಲೇ ಸ್ಕ್ರಿಪ್ಟ್ ಮೊದಲು ಮೈಕ್ ಆರಿಸಲಿ, ಆಮೇಲೆ ಲೆಕ್ಕಕ್ಕೆ ಕೂರಲಿ. ಹಚ್ಚುವ ಸಾಲಿಗಿಂತ ಆರಿಸುವ ಸಾಲು ದೊಡ್ಡದು. ಅಝಾನ್ ಮುಗಿದರೂ ಮೈಕ್ ಹಚ್ಚೇ ಇದ್ದರೆ ಮಸೀದಿಯೊಳಗಿನ ಮಾತೆಲ್ಲ ಪೇಟೆಗೆ ಕೇಳುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಹೊರಗಿನ ಧ್ವನಿವರ್ಧಕಕ್ಕೆ ನಿಷೇಧವಿದೆ. ಫಜ್ರ್‌ನಲ್ಲಿ ಒಳಗಿನ ಸ್ಪೀಕರ್ ಮಾತ್ರ ಹಚ್ಚುವಂತೆ ಎರಡನೇ ರಿಲೇ ಇರಲಿ.

ಹಾಗಾದರೆ ರೆಕಾರ್ಡ್ ಮಾಡಿದ ಅಝಾನನ್ನೇ ಹಾಕಿಬಿಡೋಣ ಎನ್ನುವವರೂ ಇದ್ದಾರೆ. ಅದು ಅಝಾನ್ ಆಗುವುದಿಲ್ಲವೆಂದು ಉಲಮಾಗಳು ಹೇಳಿದ್ದಾರೆ. ಅಝಾನ್ ಇಬಾದತ್, ಅದಕ್ಕೆ ನಿಯ್ಯತ್ ಇರುವ ಮನುಷ್ಯ ಬೇಕು. ಹಳ್ಳಿಯ ಮುಅಝ್ಝಿನ್‌ನ ಸಂಬಳ ಮೊದಲೇ ಅಷ್ಟಕ್ಕಷ್ಟೆ. ಅದನ್ನೂ ಉಳಿಸಲು ಕಮಿಟಿಗೆ ಈ ಪೆಟ್ಟಿಗೆಯೊಂದು ನೆಪವಾಗದಿರಲಿ. ರಿಲೇಯ ಪಕ್ಕದಲ್ಲೇ ಒಂದು ಸಾದಾ ಸ್ವಿಚ್ಚನ್ನೂ ಜೋಡಿಸಿಡಿ. ಪೈ ಕೆಟ್ಟ ದಿನ ಮುಅಝ್ಝಿನ್ ಕೈಯಿಂದಲೇ ಹಚ್ಚಿಕೊಳ್ಳುತ್ತಾರೆ.